ಮಗಳ ಓಬೋ, ಅಪ್ಪನ ಸೀವಾಳಿ: ಯಾರ್ಕ್‌ನಲ್ಲಿ ಮೂರು ದಿನ

ಶುಕ್ರವಾರ

ಮಗಳ ಸ್ಕೂಲಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳಿದಾರೆ, ಅದರಲ್ಲಿ ಓಬೋ ಅನ್ನೋ ಊದೋ ವಾದ್ಯ ನುಡಿಸೋದು ಇವಳೊಬ್ಬಳೇ. ಫ್ಲೂಟ್ ನುಡಿಸೋರು ಹನ್ನೊಂದು ಜನ, ಕ್ಲಾರಿನೆಟ್ ಒಂಬತ್ತು, ಬ್ಯಾಂಡ್ ಪ್ರಾಕ್ಟೀಸ್ ದಿನ ಅವರೆಲ್ಲ ಗುಂಪು ಗುಂಪಾಗಿ ಕೂತ್ಕೊಂಡು ಒಬ್ಬರ ಹಾಳೆ ಇನ್ನೊಬ್ಬರು ಇಣುಕಿ ನೋಡ್ಕೊಂಡು ನಗ್ತಾ ಇರ್ತಾರೆ, ಇವಳು ಮಾತ್ರ ಸಾಲಿನ ತುದೀಲಿ ಒಂದು ಸ್ಟ್ಯಾಂಡ್ ಇಟ್ಕೊಂಡು ಒಬ್ಬಳೇ. ಮೂರು ವರ್ಷದಿಂದ ಹೀಗೇ. ಓಬೋ ಜಾತೀದೇ ದೊಡ್ಡ ವಾದ್ಯ ಬಸೂನ್ ಅಂತೂ ಇಡೀ ಸ್ಕೂಲಲ್ಲಿ ಒಂದೂ ಇಲ್ಲ. ಇವತ್ತು ರೀಡ್, ಅಂದ್ರೆ ಬಾಯಲ್ಲಿಟ್ಟು ಊದೋ ಕಡ್ಡಿ, ಯಾಕೆ ಸದ್ದು ಮಾಡ್ತಿಲ್ಲ ಅಂತ ಕೇಳೋಣ ಅಂದ್ರೆ ವಾರಕ್ಕೆ 30 ನಿಮಿಷ ಬರೋ ಟೀಚರ್ ಬಿಟ್ರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಆ ಟೀಚರ್ ಒಂದಿನ, ಯಾರ್ಕ್‌ನಲ್ಲಿ ಓಬೋ ಬಸೂನ್ ಕಲೀತಿರೋ ಮಕ್ಕಳಿಗೆ ಅಂತಾನೇ ಒಂದು ದಿನದ ವರ್ಕ್‌ಶಾಪ್ ಇದೆ, ಕಳಿಸ್ತೀರಾ ಅಂತ ಕೇಳಿದಾಗ ಎಷ್ಟು ದೂರ ಅಂತಲೂ ನೋಡದೆ ಹೂಂ ಅಂದ್ಬಿಟ್ಟೆ.

ನಾವಿರೋದು ರೆಡಿಂಗ್‌ನಲ್ಲಿ, ಲಂಡನ್‌ನಿಂದ ಪಶ್ಚಿಮಕ್ಕೆ. ಯಾರ್ಕ್ ಅಂದ್ರೆ ಮೇಲೆ ಉತ್ತರಕ್ಕೆ. ಯಜಮಾನರಿಗೆ ಆ ವಾರಾಂತ್ಯ ಆಸ್ಪತ್ರೆ ಡ್ಯೂಟಿ. ಸರಿ, ನಾನು, ಹನ್ನೆರಡು ವರ್ಷದ ಮಗಳು, ಒಂಬತ್ತು ವರ್ಷದ ಮಗ, ಜೊತೆಗೆ ಫೆಬ್ರವರೀಲಿ ನಂಜನಗೂಡಿಂದ ಬಂದಿರೋ ಅಪ್ಪ, ನಾಲ್ಕು ಜನ ಹೊರಟ್ವಿ. ಅಪ್ಪಂಗೆ ಎಪ್ಪತ್ತನಾಲ್ಕು, ಮೂವತ್ತೆರಡು ವರ್ಷ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೋರು. ಚಳೀಲಿ ಅಷ್ಟು ದೂರ ಯಾಕೆ, ಮನೇಲೇ ಇರಿ ಅಪ್ಪ ಅಂದ್ರೆ ಕೇಳಲಿಲ್ಲ. "ಅಷ್ಟೊಂದು ಪೀಪಿ ಒಂದೇ ಕಡೆ ಊದ್ತಾರೆ ಅಂದ್ರೆ ನಾನು ಬರದೆ ಇರ್ತೀನೇನೆ?"

ಅಪ್ಪನ ಈ ಆಸಕ್ತಿಗೊಂದು ಕಾರಣ ಇದೆ. ಹೋದ ವರ್ಷ ವಿಡಿಯೋ ಕಾಲ್‌ನಲ್ಲಿ ಮಗಳು ತನ್ನ ಓಬೋ ರೀಡ್ ತೋರಿಸಿದ್ಲು, ಎರಡು ತೆಳು ಪಟ್ಟಿ ಒಂದಕ್ಕೊಂದು ಅಂಟಿಸಿದ ಹಾಗಿರೋ ಒಂದು ಚೂರು ಕಡ್ಡಿ, ಕೆಳಗಡೆ ಬಣ್ಣದ ದಾರ ಸುತ್ತಿರತ್ತೆ. ಅಪ್ಪ ಫೋನ್ ಕಣ್ಣಿಗೆ ಹತ್ತಿರ ಹಿಡ್ಕೊಂಡು "ಅಯ್ಯೋ, ಇದು ನಮ್ಮ ನಾದಸ್ವರದ ಸೀವಾಳಿ ಅಲ್ವೇನಮ್ಮ ಪುಟ್ಟಿ!" ಅಂದ್ರು. ಅಪ್ಪ ಹುಟ್ಟಿ ಬೆಳೆದಿದ್ದೇ ಶ್ರೀಕಂಠೇಶ್ವರನ ದೇವಸ್ಥಾನದ ಆಸುಪಾಸಲ್ಲಿ, ಬೆಳಿಗ್ಗೆ ಎದ್ರೆ ಕಿವಿಗೆ ಮೊದಲು ಬೀಳ್ತಿದ್ದದ್ದೇ ವಾಲಗ. ಈ ಸಲ ಬರುವಾಗ ಪರಿಚಯದ ನಾದಸ್ವರದೋರ ಹತ್ರ ಕೇಳಿ ಒಂದು ಹಳೇ ಸೀವಾಳಿ ತಂದಿದ್ರು, ಹಿತ್ತಾಳೆ ವಿಭೂತಿ ಡಬ್ಬೀಲಿ ಹತ್ತಿ ಇಟ್ಟು ಅದರೊಳಗೆ. ಆ ಡಬ್ಬಿ ಸ್ವೆಟರ್ ಜೇಬಲ್ಲೇ ಇತ್ತು ಮೂರು ದಿನಾನೂ.

ಸ್ಕೂಲ್ ಮುಗಿಸಿ ರೆಡಿಂಗಿಂದ ಪ್ಯಾಡಿಂಗ್ಟನ್, ಅಲ್ಲಿಂದ ಟ್ಯೂಬ್‌ನಲ್ಲಿ ಕಿಂಗ್ಸ್ ಕ್ರಾಸ್, ಅಲ್ಲಿಂದ ಯಾರ್ಕ್ ಎರಡು ಗಂಟೆ ಚಿಲ್ಲರೆ. ಶುಕ್ರವಾರ ಸಂಜೆ ಕಾಲಿಡಕ್ಕೆ ಜಾಗ ಇರ್ಲಿಲ್ಲ, ಹೇಗೋ ರಿಸರ್ವ್ ಮಾಡಿದ್ದ ಸೀಟು ಸಿಕ್ತು. ಮಗಳು ಓಬೋ ಕೇಸನ್ನ ಮೇಲಿನ ರಾಕಲ್ಲಿ ಇಡಲಿಲ್ಲ, ತೊಡೆ ಮೇಲಿಟ್ಕೊಂಡು ಅದರ ಮೇಲೆ ತನ್ನ ಮಫ್ಲರ್ ಹೊದೆಸಿ ಕೂತ್ಲು. ಅವಳ ಓಬೋ ಗ್ರೆನಡಿಲ್ಲಾ ಅಂತ ಆಫ್ರಿಕಾದ ಕರೀ ಮರದ್ದು, ನೀರಲ್ಲಿ ಹಾಕಿದ್ರೆ ಮುಳುಗೋಷ್ಟು ಭಾರ ಆ ಮರ. ಹೊರಗಡೆ ಕೊರೆಯೋ ಚಳಿ ಇರುವಾಗ ಒಳಗಿಂದ ಬಿಸಿ ಉಸಿರು ಊದಿದ್ರೆ ಸೀಳು ಬಿಡತ್ತೆ, ಅದಕ್ಕೇ ನುಡಿಸೋ ಮುಂಚೆ ಕೈಯಲ್ಲೋ ಕಂಕುಳಲ್ಲೋ ಇಟ್ಕೊಂಡು ಬೆಚ್ಚಗೆ ಮಾಡ್ಕೋಬೇಕು. ಇದು ನಮ್ಮದೂ ಅಲ್ಲ, ಬಾಡಿಗೇದು. ಸ್ವಂತ ತಗೋಬೇಕು ಅಂದ್ರೆ ಸಾವಿರಗಟ್ಟಲೆ ಪೌಂಡು.

ಪುಳಿಯೋಗರೆ, ಮೊಸರನ್ನ, ಕೋಡುಬಳೆ ಕಟ್ಕೊಂಡಿದ್ದೆ, ಪೀಟರ್‌ಬರೋ ದಾಟೋ ಹೊತ್ತಿಗೆ ಎಲ್ಲ ಖಾಲಿ. ಒಂಬತ್ತು ಗಂಟೆ ಮೇಲೆ ಯಾರ್ಕ್ ಸ್ಟೇಷನ್ನಲ್ಲಿ ಇಳಿದ್ವಿ. ಆ ಸ್ಟೇಷನ್ನಿನ ಕಬ್ಬಿಣದ ಚಾವಣಿ ಬಿಲ್ಲಿನ ಹಾಗೆ ಬಾಗಿಕೊಂಡು ಹೋಗತ್ತೆ, ಅಪ್ಪ ಪ್ಲಾಟ್‌ಫಾರ್ಮ್ ಮೇಲೆ ಬ್ಯಾಗ್ ಹಿಡ್ಕೊಂಡು ಐದು ನಿಮಿಷ ಮೇಲೇ ನೋಡ್ತಾ ನಿಂತುಬಿಟ್ರು. ರೂಮಿಗೆ ಹೋಗಿ ಮಲಗಿದ್ದೇ ಗೊತ್ತು.

ಶನಿವಾರ

ವರ್ಕ್‌ಶಾಪ್ ಇದ್ದಿದ್ದು ಊರ ಹೊರಗಿನ ಒಂದು ಸ್ಕೂಲಲ್ಲಿ. ಒಂಬತ್ತೂವರೆಗೆ ಬಾಗಿಲ ಹತ್ರ ಹೋದ್ವೋ ಇಲ್ವೋ, ಒಳಗಿಂದ ಬರ್ತಿದ್ದ ಸದ್ದು ಕೇಳಿ ಅಪ್ಪ ನನ್ನ ತೋಳು ಹಿಡ್ಕೊಂಡ್ರು. ಇಪ್ಪತ್ತು ಇಪ್ಪತ್ತೈದು ಮಕ್ಕಳು ಒಂದೇ ಸಲ ಬರೀ ರೀಡ್ ಬಾಯಲ್ಲಿಟ್ಟು ಊದ್ತಿದಾರೆ, ವಾದ್ಯ ಇನ್ನೂ ಜೋಡಿಸಿಲ್ಲ. ಕಾಗೆ ಗುಂಪು ಕೂಗಿದ ಹಾಗೆ. ಇಲ್ಲೂ ಅದಕ್ಕೆ ಕ್ರೋ ಅಂತಾನೇ ಹೆಸರು, ಕಾಗೆ ಕೂಗು ಅಂತಾನೇ ಅರ್ಥ! ರೀಡ್ ಚೆನ್ನಾಗಿದ್ಯಾ ಅಂತ ನೋಡೋಕೆ ಮೊದಲು ಹೀಗೆ ಕೂಗಿಸ್ತಾರೆ. ಮದುವೆ ಮನೇಲಿ ಬೆಳಿಗ್ಗೆ ಐದು ಗಂಟೆಗೆ ವಾಲಗದೋರು ಬಂದು ಚಾಪೆ ಮೇಲೆ ಕೂತು ಸೀವಾಳಿ ಎಂಜಲಲ್ಲಿ ನೆನೆಸಿ ಒಂದೆರಡು ಸಲ ಪೀಂ ಪೀಂ ಅನ್ನಿಸ್ತಾರಲ್ಲ, ಥೇಟ್ ಅದೇ ಸದ್ದು. ನನಗೂ ಒಂದು ಕ್ಷಣ ಕಾಫಿ ವಾಸನೆ, ಮಲ್ಲಿಗೆ ವಾಸನೆ ಬಂದ ಹಾಗಾಯ್ತು ಮಾರ್ಚ್ ತಿಂಗಳ ಯಾರ್ಕ್‌ಶೈರಲ್ಲಿ.

ಹಾಲ್ ಒಳಗೆ ಹೋದ್ವಿ. ಇವಳು ಬಾಗಿಲಲ್ಲೇ ನಿಂತುಬಿಟ್ಲು. ಎಲ್ಲಿ ನೋಡಿದ್ರೂ ಓಬೋ. ಆರು ವರ್ಷದೋರಿಂದ ಹಿಡಿದು ಹದಿನೆಂಟರವರೆಗೆ ಮಕ್ಕಳು, ಎಲ್ಲರ ಕೈಯಲ್ಲೂ ಇವಳ ಕೈಲಿರೋ ಅದೇ ಕರೀ ಕೊಳವೆ, ಎಲ್ಲರ ಹತ್ರಾನೂ ರೀಡ್ ನೆನೆಸೋ ಪುಟಾಣಿ ನೀರಿನ ಡಬ್ಬಿ. "ಅಮ್ಮ, ಎಲ್ಲರ ಹತ್ರಾನೂ ಇದೆ" ಅಂದ್ಲು ಮೆಲ್ಲಗೆ, ಅಷ್ಟೇ. ಆಮೇಲೆ ಒಳಗೆ ಹೋದ್ಲು.

ಅವಳು ಕೂತ ಐದನೇ ನಿಮಿಷಕ್ಕೆ ಆಗಬಾರದ್ದು ಆಗೋಯ್ತು. ಓಬೋ ಜೋಡಿಸ್ಕೊಂಡು ತಿರುಗುವಾಗ ರೀಡಿನ ತುದಿ ಸ್ಟ್ಯಾಂಡಿಗೆ ತಗುಲಿ ಮೂಲೇಲಿ ಸಣ್ಣ ಸೀಳು. ಕಣ್ಣಿಗೆ ಕಾಣಿಸೋದೇ ಕಷ್ಟ, ಆದ್ರೆ ಸದ್ದು ಸತ್ತೋಯ್ತು. ಓಬೋದೋರಿಗೆ ಒಳ್ಳೇ ರೀಡ್ ಅಂದ್ರೆ ಜೀವ. ಒಂದಕ್ಕೆ ಹದಿನೈದಿಪ್ಪತ್ತು ಪೌಂಡು ಕೊಟ್ಟು ತಂದ್ರೂ ಎಲ್ಲಾನೂ ಒಂದೇ ತರ ಇರಲ್ಲ, ಕೆಲವು ಗಟ್ಟಿ, ಕೆಲವು ಪೇಲವ, ಒಪ್ಪಿದ್ದು ಸಿಕ್ಕಿದ್ರೆ ಕೆಲವು ವಾರ ಬಾಳತ್ತೆ ಅಷ್ಟೇ. ಇವಳ ಡಬ್ಬೀಲಿ ಇನ್ನೆರಡು ಇದ್ವು, ಒಂದು ಹಳೇದು ಮೆತ್ತಗಾಗಿರೋದು, ಇನ್ನೊಂದು ಹೊಸದು ಊದಿದ್ರೆ ಕಿವಿ ಕಿತ್ತೋಗೋಷ್ಟು ಗಟ್ಟಿ. ಕಣ್ತುಂಬ ನೀರು. ಪಕ್ಕದಲ್ಲಿ ಕೂತಿದ್ದ ಸ್ಕಾರ್‌ಬರೋ ಅನ್ನೋ ಊರಿನ ಹುಡುಗಿ, ಇವಳದೇ ವಯಸ್ಸು, ಏನೂ ಕೇಳದೆ ಆ ಸೀಳಿದ ರೀಡನ್ನ ಬೆಳಕಿಗೆ ಹಿಡಿದು ನೋಡಿ, ನನಗೂ ಹೋದ ತಿಂಗಳು ಕನ್ಸರ್ಟ್ ದಿನಾನೇ ಹೀಗಾಯ್ತು, ಕಾರಿಡಾರ್ ಕೊನೇಲಿ ರೀಡ್ ಮಾಡೋರು ಕೂತಿದಾರೆ ಬಾ ಅಂತ ಕೈ ಹಿಡಿದು ಎಳ್ಕೊಂಡು ಹೋದ್ಲು. ಮೂರು ವರ್ಷದಲ್ಲಿ ಇವಳ ವಯಸ್ಸಿನ ಒಂದು ಮಗು ಇವಳ ಕಷ್ಟ ಹೇಳದೇನೇ ಅರ್ಥ ಮಾಡ್ಕೊಂಡಿದ್ದು ಅದೇ ಮೊದಲು. ನನಗೆ ಅಲ್ಲಿಗೇ ಬಂದಿದ್ದು ಸಾರ್ಥಕ ಅನ್ನಿಸ್ತು.

ರೀಡ್ ರೂಮ್ ಅಂದ್ರೆ ಸ್ಕೂಲಿನ ಆರ್ಟ್ ಕ್ಲಾಸು. ಕಿಟಕಿ ಪಕ್ಕ ಟೇಬಲ್ ಲ್ಯಾಂಪ್ ಹಾಕ್ಕೊಂಡು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ರು. ಮುಂದೆ ಬಟ್ಟೆ ಹಾಸಿ ಅದರ ಮೇಲೆ ಚಾಕು, ದಾರದ ಉಂಡೆಗಳು, ಹಳದಿ ಕಡ್ಡಿ ಚೂರುಗಳು, ತಳಕ್ಕೆ ಕಾರ್ಕ್ ಅಂಟಿಸಿದ ಬೆರಳಿಗಿಂತ ಗಿಡ್ಡ ಲೋಹದ ನಳಿಗೆಗಳು. ಮಗಳ ಗಟ್ಟಿ ರೀಡ್ ತಗೊಂಡ್ರು. ಎರಡು ನಿಮಿಷ ನೀರಲ್ಲಿಟ್ಟು, ತೆಗೆದು, ಲ್ಯಾಂಪ್ ಬೆಳಕಿಗೆ ಹಿಡಿದ್ರು. ಬೆಳಕಲ್ಲಿ ಆ ರೀಡ್ ಒಳಗಡೆ ಕಾಣತ್ತೆ, ನಡುವೆ ಬೆನ್ನು ಕಪ್ಪಗೆ ದಪ್ಪಗೆ, ತುದೀಗೆ ಬರ್ತಾ ಬರ್ತಾ ತಿಳೀ ಹಳದಿ, ಕೊನೇಲಿ ಹೆಚ್ಚುಕಮ್ಮಿ ಗಾಜು. ಎಡಗಡೆ ಒಂದು ಚೂರು ಕತ್ತಲು ಜಾಸ್ತಿ ಇದೆ ನೋಡು ಅಂತ ಮಗಳಿಗೆ ತೋರಿಸಿದ್ರು. ಆಮೇಲೆ ಎರಡು ಪಟ್ಟಿ ಮಧ್ಯ ತೆಳು ಲೋಹದ ಎಲೆ ತೂರಿಸಿ, ಹೆಬ್ಬೆರಳಿಗೆ ಒತ್ತಿಟ್ಕೊಂಡು ಚಾಕೂಲಿ ಕೆರೆದ್ರು. ಕೆರೆದ್ರು ಅಂದ್ರೆ ಚಾಕು ಮುಟ್ಟಿಸಿ ತೆಗೆದ ಹಾಗೆ, ಐದೇ ಸಲ. ಚಾಕು ಅಂಚಲ್ಲಿ ಹಿಟ್ಟಿನಂಥ ಪುಡಿ. ಬಾಯಲ್ಲಿಟ್ಟು ಕೂಗಿಸಿದ್ರು, ತಲೆ ಆಡಿಸಿದ್ರು, ಇನ್ನೆರಡು ಸಲ ಕೆರೆದ್ರು, ತೊಳೆದು ಕೊಟ್ರು. ಇಲ್ಲಿ ಲೆಕ್ಕ ಎಲ್ಲ ಮಿಲಿಮೀಟರಿನ ನೂರನೇ ಭಾಗದಲ್ಲಿ, ಒಂದು ಸಲ ಜಾಸ್ತಿ ಕೆರೆದ್ರೆ ವಾಪಸ್ ಅಂಟಿಸಕ್ಕಾಗಲ್ಲ ಅಂದ್ರು. ಮಗಳು ಊದಿದ್ಲು. ಮೂರು ವಾರದಿಂದ ಸುಮ್ನೆ ಡಬ್ಬೀಲಿ ಬಿದ್ದಿದ್ದ ರೀಡ್ ಹಾಡ್ತು.

ಅವಳು ಓಡಿಹೋದ ಮೇಲೂ ಅಪ್ಪ ಅಲ್ಲಿಂದ ಕದಲಲಿಲ್ಲ. ಜೇಬಿಂದ ಹಿತ್ತಾಳೆ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಟೇಬಲ್ ಮೇಲಿಟ್ರು. "ದಿಸ್ ಈಸ್ ಫ್ರಮ್ ಮೈ ಟೌನ್" ಅಂದ್ರು. ಆಯಮ್ಮ ಕನ್ನಡಕ ಮೇಲೇರಿಸಿ, ಕೈ ಒರೆಸ್ಕೊಂಡು, ಕೇಳಿ, ಆಮೇಲೆ ಎತ್ಕೊಂಡ್ರು. ಓಬೋ ರೀಡ್ ಮುಂದೆ ಸೀವಾಳಿ ತುಂಬ ಅಗಲ, ಬೀಸಣಿಗೆ ಹಾಗೆ ಹರಡಿರತ್ತೆ. ನಮ್ಮದು ಕಾವೇರಿ ದಂಡೇಲಿ ಬೆಳೆಯೋ ಜೊಂಡಿಂದ ಮಾಡೋದು, ಅದನ್ನ ಮಾಡೋ ಮನೆತನಗಳು ತಮಿಳುನಾಡಲ್ಲಿ ತಿರುವಾವಡುತುರೈ ಕಡೆ ಇದಾರೆ ಅಂತ ಅಪ್ಪ ಹೇಳ್ತಾ ಹೋದ್ರು. ಆಯಮ್ಮ ತಮ್ಮ ಕಡ್ಡಿ ಚೂರು ತೋರಿಸಿದ್ರು, ಅದು ದಕ್ಷಿಣ ಫ್ರಾನ್ಸಿನ ವಾರ್ ಅನ್ನೋ ಸೀಮೇದು, ಬಿದಿರಿನ ಹಾಗೆ ಎತ್ತರಕ್ಕೆ ಬೆಳೆಯೋ ಜೊಂಡು, ಕಡಿದು ವರ್ಷಗಟ್ಟಲೆ ಒಣಗಿಸಿದ ಮೇಲೇ ಕೆಲಸಕ್ಕೆ ಬರೋದು. ಎರಡು ನದಿ ಸೀಮೆಯ ಎರಡು ಜೊಂಡು ಒಂದು ಟೇಬಲ್ ಮೇಲೆ ಪಕ್ಕಪಕ್ಕ. ಆಮೇಲೆ ಅವರು ವರ್ನಿಯರ್ ಕ್ಯಾಲಿಪರ್ ತೆಗೆದು ಸೀವಾಳಿ ಅಗಲ ಎಷ್ಟು, ಉದ್ದ ಎಷ್ಟು, ನಳಿಗೆ ಬಾಯಿ ಎಷ್ಟು ಅಂತ ಅಳೀತಾ ನೋಟ್ ಪುಸ್ತಕದಲ್ಲಿ ಬರ್ಕೊಳ್ಳಕ್ಕೆ ಶುರು ಮಾಡಿದ್ರು. ಅಪ್ಪಂಗೆ ಕ್ಯಾಲಿಪರ್ ಅಂದ್ರೆ ಕೇಳ್ಬೇಕಾ, ಮೂವತ್ತೆರಡು ವರ್ಷ ಮಕ್ಕಳಿಗೆ ಅದನ್ನ ಓದೋದು ಕಲಿಸಿದೋರು, ಬಗ್ಗಿ ನಿಂತು ಅವರು ಹೇಳೋದಕ್ಕೆ ಮುಂಚೆ ಇವರೇ ಅಳತೆ ಹೇಳ್ತಿದ್ರು. ಕೊನೇಗೆ ಆಯಮ್ಮ ಸೀವಾಳಿ ನೀರಲ್ಲಿ ನೆನೆಸಿ, ಊದಲಾ ಅಂತ ಅಪ್ಪನ್ನ ಕಣ್ಣಲ್ಲೇ ಕೇಳಿ ಊದಿದ್ರು. ಮೊದಲು ಬರೀ ಗಾಳಿ. ಎರಡನೇ ಸಲ ತುಟಿ ಸ್ವಲ್ಪ ಸಡಿಲ ಬಿಟ್ರು, ಬಂತು ನೋಡಿ, ಅಗಲವಾದ, ಬಿಸಿಲಿನಂಥ ಒಂದು ಕೂಗು. ಆಚೆ ಕಾರಿಡಾರಲ್ಲಿ ಹೋಗ್ತಿದ್ದ ಮಕ್ಕಳು ಇಣುಕಿ ನೋಡಿದ್ರು. ಅಪ್ಪ ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು.

ನಾದಸ್ವರದಲ್ಲಿ ಬೆರಳಿಡಕ್ಕೆ ಏಳೇ ತೂತು, ಕೀಲಿಗಳು ಯಾವುದೂ ಇಲ್ಲ, ಕೆಳಗಡೆ ಇರೋ ಇನ್ನೈದು ತೂತಿಗೆ ಬೇಕಾದ ಹಾಗೆ ಮೇಣ ತುಂಬ್ಕೋತಾರೆ, ಗಮಕ ಎಲ್ಲ ಉಸಿರಲ್ಲಿ ತುಟೀಲಿ ಬೆರಳಲ್ಲಿ ತೆಗೀಬೇಕು ಅಂತ ಅಪ್ಪ ವಿವರಿಸಿದ್ರು. ಓಬೋಗೆ ಮೈ ತುಂಬ ಬೆಳ್ಳಿ ಕೀಲಿ. ಆದ್ರೆ ಎರಡೂ ಒಳಗಡೆ ಶಂಕುವಿನ ಹಾಗೆ, ಮೇಲೆ ಕಿರಿದು ಕೆಳಗೆ ಹೋಗ್ತಾ ಅಗಲ, ಹಾಗಾಗಿ ಉಸಿರು ಬಿಗಿ ಮಾಡಿದ್ರೆ ಎರಡೂ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹಾರ್ತವೆ. ಕ್ಲಾರಿನೆಟ್ ಕೊಳವೆ ಉದ್ದಕ್ಕೂ ಒಂದೇ ಅಗಲ, ಅದಕ್ಕೇ ಅದು ಹಾಗೆ ಹಾರಲ್ಲ, ಸ್ಥಾಯಿ ದಾಟಿ ಇನ್ನೂ ಮೇಲಕ್ಕೆ ಹೋಗಿ ನಿಲ್ಲತ್ತೆ. ಇದನ್ನ ಅಪ್ಪ ಆಯಮ್ಮಂಗೆ ಪೇಪರ್ ಮೇಲೆ ಚಿತ್ರ ಬರೆದು ತೋರಿಸ್ತಾ ಇದ್ರು. ನಾನು ಮೆಲ್ಲಗೆ ಎದ್ದು ಮಗನ್ನ ಹುಡುಕ್ಕೊಂಡು ಹೋದೆ.

ಮಗ ಬಂದಿದ್ದು ಸುಮ್ನೆ ಅಕ್ಕನ ಜೊತೆಗೆ ಅಂತ. ಆದ್ರೆ ಯಾರು ಬೇಕಾದ್ರೂ ಬಸೂನ್ ಊದಿ ನೋಡಬಹುದು ಅಂತ ಒಂದು ರೂಮಿತ್ತು, ಇವನು ಹೋಗಿ ಕೂತ್ಬಿಟ್ಟಿದಾನೆ. ದೊಡ್ಡ ಬಸೂನ್ ಇವನಿಗೆ ಆಗಲ್ಲ, ಅದರ ಕೊಳವೆ ಬಿಚ್ಚಿ ಉದ್ದಕ್ಕೆ ಇಟ್ರೆ ಸುಮಾರು ಎರಡೂವರೆ ಮೀಟರ್, ಮಡಚಿದ ಮೇಲೂ ಇವನ ಎತ್ತರ. ಎಡಗೈ ಹೆಬ್ಬೆರಳೊಂದೇ ಎಂಟು ಒಂಬತ್ತು ಕೀಲಿ ನೋಡ್ಕೋಬೇಕು. ಅದಕ್ಕೇ ಚಿಕ್ಕ ಮಕ್ಕಳಿಗೆ ಅಂತ ಮಿನಿ ಬಸೂನ್ ಮಾಡಿದಾರೆ, ಸದ್ದೂ ಸ್ವಲ್ಪ ಮೇಲಿನ ಸ್ಥಾಯೀದು. ಟೀಚರ್ ಒಂದು ಬೆಲ್ಟನ್ನ ಕುರ್ಚಿ ಮೇಲೆ ಹಾಸಿ ಅದರ ಮೇಲೆ ಇವನನ್ನ ಕೂರಿಸಿ ಬೆಲ್ಟಿನ ತುದಿ ಬಸೂನ್ ಬುಡಕ್ಕೆ ಸಿಕ್ಕಿಸಿದ್ರು, ಅಂದ್ರೆ ವಾದ್ಯದ ಭಾರ ಕೈ ಮೇಲಲ್ಲ, ಕೂತವನ ತೂಕದ ಮೇಲೆ. ಎಷ್ಟು ಚೆಂದದ ಉಪಾಯ. ಬಾಗಿದ ಲೋಹದ ಕೊಳವೆ ತುದೀಲಿ ರೀಡು. ಬಸೂನ್ ರೀಡಿಗೆ ಓಬೋ ತರ ಲೋಹದ ನಳಿಗೆ ಇರಲ್ಲ, ಕಡ್ಡೀನೇ ದುಂಡಗೆ ಮಾಡಿ ತಂತಿ ಬಿಗಿದಿರ್ತಾರೆ, ಕೆಳಗೆ ದಾರದ ಪೇಟ ಸುತ್ತಿದ ಹಾಗೆ. ಇವನು ಕೆನ್ನೆ ಉಬ್ಬಿಸಿ ಊದಿದ. ಕೆನ್ನೆ ಬೇಡ, ಹೊಟ್ಟೆಯಿಂದ ಊದು ಅಂದ್ರು. ಮತ್ತೆ ಊದಿದ. ಭೋಂ! ಇವನ ಕಣ್ಣು ಇಷ್ಟಗಲ. "ಅಮ್ಮ, ಕುರ್ಚಿ ನಡುಗ್ತು!" ಅಂದ. ಅರ್ಧ ಗಂಟೇಲಿ ಮೂರು ಸ್ವರ ಕಲಿತ, ಮೂರೇ ಸ್ವರದ ಒಂದು ಹಾಡನ್ನ ಇನ್ನೂ ನಾಲ್ಕು ಮಕ್ಕಳ ಜೊತೆ ಸೇರಿ ನುಡಿಸ್ದ. ಆ ರೂಮಿಂದ ಅವನನ್ನ ಊಟಕ್ಕೆ ಎಬ್ಬಿಸ್ಬೇಕಾದ್ರೆ ಸಾಕುಸಾಕಾಯ್ತು.

ಊಟ ಆದ ಮೇಲೆ ಎಲ್ಲಾ ಮಕ್ಕಳೂ ಸಾಲಾಗಿ ನಿಂತು ಹಲ್ಲುಜ್ಜಿದ್ದು ನೋಡಿ ನನಗೆ ಬಹಳ ಖುಷಿಯಾಯ್ತು. ತಿಂದ ಬಾಯಲ್ಲೇ ಊದಿದ್ರೆ ಸಕ್ಕರೆ, ಬ್ರೆಡ್ ಚೂರು ಎಲ್ಲ ರೀಡ್ ಒಳಗೆ ಸೇರಿ ರೀಡ್ ಬೇಗ ಹಾಳಾಗತ್ತೆ. ಮನೇಲಿ ನಾನು ಇದನ್ನ ದಿನಾ ಹೇಳಿ ಹೇಳಿ ಸಾಕಾಗಿತ್ತು.

ಮಧ್ಯಾಹ್ನದ ಮೊದಲ ಕ್ಲಾಸು ಉಸಿರಿಂದು, ಅಪ್ಪ ಅಮ್ಮಂದಿರೂ ಕೂರಬಹುದು ಅಂದ್ರು. ನಾನು ಇಷ್ಟು ದಿನ ಓಬೋಗೆ ಉಸಿರು ಸಾಲಲ್ಲ ಅಂದ್ಕೊಂಡಿದ್ದೆ, ಮಗಳು ಒಂದು ಸಾಲು ಮುಗಿಸೋ ಹೊತ್ತಿಗೆ ಮುಖ ಕೆಂಪಾಗಿ ಒದ್ದಾಡ್ತಾಳಲ್ಲ. ತಪ್ಪು. ಆ ರೀಡಿನ ಬಾಯಿ ಎಷ್ಟು ಕಿರಿದು ಅಂದ್ರೆ ಒಳಗೆ ಹೋಗೋ ಗಾಳಿ ತುಂಬ ಕಮ್ಮಿ, ಶ್ವಾಸಕೋಶದಲ್ಲಿ ಗಾಳಿ ಮಿಕ್ಕೇ ಇರತ್ತೆ, ಆದ್ರೆ ಅದು ಹಳಸಿದ ಗಾಳಿ. ಅದನ್ನ ಹೊರಗೆ ಹಾಕದೆ ಮೇಲಿಂದ ಮೇಲೆ ಒಳಗೆ ಎಳ್ಕೊಂಡ್ರೆ ಮುಳುಗಿದ ಹಾಗಾಗತ್ತೆ. ಟೀಚರ್ ಹಾಳೇಲಿ ಎಲ್ಲೆಲ್ಲಿ ಉಸಿರು ಹೊರಗೆ ಬಿಡಬೇಕು, ಎಲ್ಲಿ ಒಳಗೆ ತಗೋಬೇಕು ಅಂತ ಎರಡು ಬೇರೆ ಬೇರೆ ಗುರುತು ಹಾಕಿಸಿದ್ರು, ಮೊದಲು ಬಿಡು, ಆಮೇಲೆ ತಗೋ. ಎರಡೂ ಒಂದೇ ಜಾಗದಲ್ಲಿ ಮಾಡಕ್ಕೆ ಟೈಮ್ ಇಲ್ದಿದ್ರೆ ಇಲ್ಲಿ ಬರೀ ಬಿಡು, ಇನ್ನೊಂದು ಕಡೆ ತಗೋ. ಹಾಗೆ ಗುರುತು ಹಾಕ್ಕೊಂಡು ನುಡಿಸಿದಾಗ ಮಗಳು ಅದೇ ಸಾಲನ್ನ ಮುಖ ಕೆಂಪಾಗದೆ ಮುಗಿಸಿದ್ಲು. ಮೂರು ವರ್ಷದಿಂದ ಅವಳ ಉಸಿರು ಕಮ್ಮಿ ಅಂತ ಬಾದಾಮಿ ನೆನೆಹಾಕಿ ಕೊಡ್ತಿದ್ದೆ ನಾನು. ಅವಳಿಗೆ ಬೇಕಿದ್ದಿದ್ದು ಪೆನ್ಸಿಲಲ್ಲಿ ಒಂದು ಗುರುತು.

ಮೂರೂವರೆಗೆ ಎಲ್ಲರೂ ಹಾಲಲ್ಲಿ ಸೇರಿದ್ರು. ಮಗ ಎಣಿಸ್ದ, ಟೀಚರ್‌ಗಳೂ ಸೇರಿ ಓಬೋ ಮೂವತ್ತೊಂದು, ಬಸೂನ್ ಹದಿನಾಲ್ಕು, ಅದರ ಜೊತೆ ಕೆಳಗಡೆ ಈರುಳ್ಳಿ ಹಾಗೆ ಉಬ್ಬಿರೋ ಕೋರ್ ಆಂಗ್ಲೇ ಅನ್ನೋ ಉದ್ದನೇ ಓಬೋ ಎರಡು, ಒಂದು ಕಾಂಟ್ರಾಬಸೂನ್. ಈ ಕಾಂಟ್ರಾಬಸೂನ್ ಬಸೂನಿಗಿಂತ ಒಂದು ಸ್ಥಾಯಿ ಕೆಳಗೆ, ಸದ್ದು ಕಿವಿಗೆ ಬರೋ ಮುಂಚೆ ಕಾಲಿಗೆ ಬರತ್ತೆ. ನುಡಿಸಿದ್ದು ಹ್ಯಾಂಡೆಲ್ ಅನ್ನೋ ಸಂಗೀತಗಾರ 1749ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಪಟಾಕಿ ಉತ್ಸವಕ್ಕೆ ಅಂತ ಬರೆದ ಸಂಗೀತ. ರಾಜನಿಗೆ ಯುದ್ಧದ ವಾದ್ಯಗಳೇ ಬೇಕಿತ್ತಂತೆ, ಹಾಗಾಗಿ ಹ್ಯಾಂಡೆಲ್ ಮೊದಲು ಇಪ್ಪತ್ನಾಲ್ಕು ಓಬೋ, ಹನ್ನೆರಡು ಬಸೂನ್, ತುತ್ತೂರಿ, ಕೊಂಬು, ನಗಾರಿ ಇಟ್ಟು ಬರೆದ. ಬಯಲಲ್ಲಿ ಸಾವಿರಾರು ಜನಕ್ಕೆ ಕೇಳಿಸ್ಬೇಕು ಅಂದ್ರೆ ಈ ರೀಡಿನ ವಾದ್ಯಗಳೇ ಸರಿ. ನಮ್ಮಲ್ಲಿ ತೇರಿನ ಮುಂದೆ ಪಿಟೀಲು ಯಾರೂ ತರಲ್ಲ, ನಾದಸ್ವರಾನೇ ಬರೋದು. ಅದೇ ಕಾರಣ.

ಶುರು ಮಾಡೋ ಮುಂಚೆ ಒಬ್ಬಳು ದೊಡ್ಡ ಹುಡುಗಿ ಎದ್ದು ನಿಂತು ಒಂದೇ ಸ್ವರ ಕೊಟ್ಲು, ಇಲ್ಲಿ ಎ ಅಂತಾರೆ, ಆರ್ಕೆಸ್ಟ್ರಾದಲ್ಲೂ ಎಲ್ಲರೂ ಓಬೋ ಕೊಡೋ ಈ ಸ್ವರಕ್ಕೇ ಶ್ರುತಿ ಸೇರಿಸ್ಕೊಳ್ಳೋದು, ಯಾಕಂದ್ರೆ ಅದು ಅಲುಗಾಡಲ್ಲ, ಎಷ್ಟು ಗಲಾಟೆ ಇದ್ರೂ ಸೀಳ್ಕೊಂಡು ಬರತ್ತೆ. ಒಬ್ಬೊಬ್ಬರೇ ಸೇರ್ಕೊಂಡ್ರು. ಮೊದಲು ಜೇನುಗೂಡಿಗೆ ಕೈ ಹಾಕಿದ ಹಾಗಿತ್ತು, ಆಮೇಲೆ ನಿಧಾನಕ್ಕೆ ಅಂಚು ಅಂಚು ಕೂಡ್ಕೊಂಡು ಒಂದೇ ದಾರ ಆಯ್ತು. ನಾದಸ್ವರದ ಪಕ್ಕದಲ್ಲಿ ಒಬ್ಬ ಕೂತ್ಕೊಂಡು ಒತ್ತು ಹಿಡೀತಾನಲ್ಲ, ಬಿಡದೆ ಒಂದೇ ಸ್ವರ, ಹಾಗೆ. ಅಪ್ಪ ಕಣ್ಮುಚ್ಚಿ "ಶ್ರುತಿ ಕೂಡ್ತು" ಅಂದ್ರು. ಮಗಳು ಎರಡನೇ ಸಾಲಲ್ಲಿ ಸ್ಕಾರ್‌ಬರೋ ಹುಡುಗಿ ಪಕ್ಕ, ಇಬ್ಬರಿಗೂ ಒಂದೇ ಸ್ಟ್ಯಾಂಡು. ಹಾಳೆ ತಿರುಗಿಸೋ ಜಾಗ ಬಂದಾಗ ಇವಳು ನುಡಿಸ್ತಾ ಇದ್ಲು, ಅವಳು ತಿರುಗಿಸಿದ್ಲು. ಅಷ್ಟೇ. ಅದನ್ನ ನೋಡಕ್ಕೆ ನಾನು ಮೂರು ವರ್ಷ ಕಾದಿದ್ದೆ ಅನ್ನಿಸ್ತು. ಆಮೇಲೆ ಸಂಗೀತ ಹೇಗಿತ್ತು ಅಂತ ಕೇಳಿದ್ರೆ ನನಗೆ ಸರಿಯಾಗಿ ಹೇಳಕ್ಕಾಗಲ್ಲ, ಎದೆ ತುಂಬಿ ಬಂದಿತ್ತು, ಕೊನೇ ಭಾಗದಲ್ಲಿ ಹಿಂದೆ ಮುಂದೆ ಆಗಿ ಮತ್ತೆ ಕೂಡ್ಕೊಂಡ್ರು ಅನ್ನೋದಷ್ಟೇ ಗೊತ್ತು.

ಭಾನುವಾರ

ಬೆಳಿಗ್ಗೆ ಬಿಸಿಲು ಬಂದಿತ್ತು. ವಾಪಸ್ ರೈಲು ಮೂರು ಗಂಟೆಗೆ. ಮಗನಿಗೋಸ್ಕರ ಮೊದಲು ರೈಲ್ವೆ ಮ್ಯೂಸಿಯಮ್, ಟಿಕೆಟ್ ಇಲ್ಲ ಒಳಗೆ ಹೋಗಕ್ಕೆ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿ ಎಂಜಿನ್‌ಗಳ ದಾಖಲೆ ಮಾಡಿದ ಮ್ಯಾಲರ್ಡ್ ಇರೋದು ಇಲ್ಲೇ, ನೀಲಿ ಬಣ್ಣ, ಮೂತಿ ಇಳಿಜಾರು. ಮಗ ಅದನ್ನ ಮುಟ್ಟಿ, ಇದರ ಸೀಟಿ ಬಸೂನಾ ಓಬೋನಾ ಅಂತ ಕೇಳ್ದ.

ಆಮೇಲೆ ಕೋಟೆ ಗೋಡೆ ಹತ್ತಿದ್ವಿ. ಊರ ಸುತ್ತ ಹಳೇ ಗೋಡೆ ಇದೆ, ಅದರ ಮೇಲೇ ನಡ್ಕೊಂಡು ಹೋಗಬಹುದು. ಮಾರ್ಚಲ್ಲಿ ಗೋಡೆ ಕೆಳಗಿನ ದಿಬ್ಬದ ಮೇಲೆಲ್ಲ ಡ್ಯಾಫೊಡಿಲ್, ಹಳದೀ ಹಳದಿ. ಬೂತಮ್ ಬಾರ್ ಹೆಬ್ಬಾಗಿಲಿಂದ ಮಂಕ್ ಬಾರ್‌ವರೆಗೆ ಮಾತ್ರ ನಡೆದ್ವಿ, ಅಪ್ಪನ ಮಂಡಿ ನೋಡ್ಕೋಬೇಕಲ್ಲ. ಆ ಉದ್ದಕ್ಕೂ ಮಿನ್‌ಸ್ಟರ್ ಚರ್ಚಿನ ಗೋಪುರಗಳು ಮರಗಳ ಮಧ್ಯ ನಮ್ಮ ಜೊತೇಗೇ ತಿರುಗ್ತಾ ಬರತ್ತೆ.

ಅಲ್ಲಿ ಒಂದು ಕಟ್ಟೆ ಮೇಲೆ ಕೂತು ಮಗಳು ತಾತಂಗೆ, ನಿನ್ನೆ ಟೀಚರ್ ಹೇಳಿದ ವೇಟ್ಸ್ ಕಥೆ ಹೇಳಿದ್ಲು. ಹಿಂದೆ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ, ಯಾರ್ಕ್‌ನಲ್ಲೂ, ಊರಿನ ದುಡ್ಡಲ್ಲಿ ಸಂಬಳ ಕೊಟ್ಟು ವಾದ್ಯದೋರನ್ನ ಇಟ್ಕೊಂಡಿದ್ರು, ಅವರನ್ನ ವೇಟ್ಸ್ ಅಂತಿದ್ರು. ಹಬ್ಬ, ಮೆರವಣಿಗೆ, ದೊಡ್ಡವರು ಊರಿಗೆ ಬಂದಾಗ ಊದೋದು ಅವರ ಕೆಲಸ. ಅವರು ಊದ್ತಿದ್ದದ್ದು ಶಾಮ್ ಅನ್ನೋ ವಾದ್ಯ, ಎರಡು ಪಟ್ಟಿ ರೀಡು, ಮರದ ಕೊಳವೆ, ಕೆಳಗೆ ಅಗಲ ಬಾಯಿ, ನೋಡಿದ್ರೆ ನಮ್ಮ ಶಹನಾಯಿ ನಾದಸ್ವರದ ಅಣ್ಣತಮ್ಮ. ಅದನ್ನೇ ತಿದ್ದಿ ತೀಡಿ ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಅರಮನೆ ವಾದ್ಯಗಾರರು ಓಬೋ ಮಾಡಿದ್ದು, ಬಯಲಿನ ವಾದ್ಯಾನ ಕೋಣೆ ಒಳಗೆ ಪಿಟೀಲಿನ ಜೊತೆ ಕೂರೋ ಹಾಗೆ. ಈ ವೇಟ್ಸ್‌ಗಳನ್ನ 1835ರ ಒಂದು ಕಾನೂನಿಂದ ತೆಗೆದುಹಾಕಿದ್ರು.

"ಆಮೇಲೆ ಅವರು ಏನ್ಮಾಡಿದ್ರು?" ಅಂತ ಅಪ್ಪ ಕೇಳಿದ್ರು.

ಅದು ಮಗಳಿಗೂ ಗೊತ್ತಿರ್ಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮೂರಲ್ಲೂ ಈಗ ಎಷ್ಟೋ ಮದುವೇಲಿ ಗಟ್ಟಿಮೇಳ ಫೋನಲ್ಲಿ ಹಾಕ್ತಾರೆ ಪುಟ್ಟಿ, ಸ್ಪೀಕರ್ ಇಟ್ಟು, ಅಂದ್ರು. ತಾಳಿ ಕಟ್ಟೋ ಹೊತ್ತಿಗೆ ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಅಂತ ಕೈ ಮಾಡಿದ ತಕ್ಷಣ ನಾದಸ್ವರ ಡೋಲು ಒಂದೇ ಸಲ ಮೇಲೇಳತ್ತಲ್ಲ, ಅದು ಆ ಊದೋನು ಮುಹೂರ್ತಾನ ಕಣ್ಣಲ್ಲಿ ನೋಡ್ತಾ ಊದಬೇಕಾದ್ದು. ಫೋನಿಗೆ ತಾಳಿ ಕಾಣಿಸತ್ತಾ? ಅಪ್ಪ ಹೀಗೆ ಕೇಳಿದಾಗ ಮಗಳು ಏನೂ ಹೇಳಲಿಲ್ಲ, ತಾತನ ಕೈ ಹಿಡ್ಕೊಂಡ್ಲು. ನನಗೆ ನನ್ನ ಮದುವೆ ನೆನಪಾಯ್ತು, ಈ ಸೀವಾಳಿ ಕೊಟ್ಟವರೇ ಅವತ್ತು ಊದಿದ್ದು.

ರೈಲಲ್ಲಿ ಮಗಳೂ ಸ್ಕಾರ್‌ಬರೋ ಹುಡುಗೀನೂ ಮೆಸೇಜಲ್ಲಿ ಮಾತಾಡ್ತಾ ಇದ್ರು, ಬರೀ ರೀಡಿನ ಫೋಟೋ. ಇದು ಹೇಗಿದೆ, ಅದು ಗಟ್ಟಿನಾ, ನಿಂದು ಯಾವ ಬಣ್ಣದ ದಾರ. ಮಗ ಪೂರ್ತಿ ಎರಡು ಗಂಟೆ ಮಿನಿ ಬಸೂನ್ ಬಾಡಿಗೆಗೆ ಸಿಗತ್ತಾ ಅನ್ನೋದೊಂದೇ ಪ್ರಶ್ನೆ. ವಿಚಾರಿಸ್ತೀನಿ ಅಂದಿದೀನಿ, ನಿಜವಾಗ್ಲೂ ವಿಚಾರಿಸ್ತೀನಿ. ಓಬೋ ಬಸೂನ್ ಕಲಿಯೋ ಮಕ್ಕಳು ಈ ದೇಶದಲ್ಲೇ ಕಮ್ಮಿ ಆಗ್ತಿದಾರೆ ಅಂತ ಅಲ್ಲಿ ಎಲ್ಲಾ ಟೀಚರ್‌ಗಳೂ ಹೇಳ್ತಿದ್ರು, ದುಬಾರಿ, ಕಷ್ಟ, ಕಲಿಸೋರು ಸಿಗಲ್ಲ. ನಮ್ಮ ಸ್ಕೂಲಿಗೆ ಒಂದು ಬಸೂನ್ ಬಂದ್ರೆ ಮಗಳ ಸ್ಟ್ಯಾಂಡ್ ಪಕ್ಕ ಇನ್ನೊಂದು ಸ್ಟ್ಯಾಂಡ್ ಬರತ್ತೆ.

ಮನೆ ಸೇರಿದಾಗ ಎಂಟೂವರೆ. ಬಟ್ಟೆ ಕೂಡ ಬದಲಾಯಿಸದೆ ಮಗಳು ಓಬೋ ಬಿಚ್ಚಿ, ರೇಷ್ಮೆ ಬಟ್ಟೆ ದಾರದಲ್ಲಿ ಎಳೆದು ಒಳಗಿನ ತೇವ ಒರೆಸಿ, ರೀಡ್ ಡಬ್ಬೀನ ಮುಚ್ಚಳ ತೆಗೆದು ಅಡುಗೆಮನೆ ಕಿಟಕೀಲಿ ಒಣಗಕ್ಕೆ ಇಟ್ಲು. ಅಪ್ಪ ಬಂದು ವಿಭೂತಿ ಡಬ್ಬೀನೂ ತೆರೆದು ಅದರ ಪಕ್ಕ ಇಟ್ರು. ನಾನು ಸಾರಿಗೆ ಬೇಳೆ ಇಟ್ಟೆ.